ಒಂದೇ ಪಾತ್ರೆಯಿಂದ ಐದು ತಟ್ಟೆಗೆ

ನಮ್ಮ ಮನೆಯಲ್ಲಿ ಊಟಕ್ಕೆ ಕೂರುವವರು ಐದು ಜನ. ಚಿಕ್ಕವಳಿಗೆ ಖಾರ ಆಗುವುದಿಲ್ಲ. ದೊಡ್ಡವನಿಗೆ ತಟ್ಟೆಯಲ್ಲಿ ಒಂದು ಪದಾರ್ಥ ಇನ್ನೊಂದಕ್ಕೆ ತಾಗಬಾರದು. ಅತ್ತೆಗೆ ಬಿಪಿ, ಹಾಗಾಗಿ ಉಪ್ಪು ಕಡಿಮೆ. ನನ್ನ ಗಂಡನಿಗೆ ಖಾರ ಇಲ್ಲದಿದ್ದರೆ ಊಟವೇ ಸೇರುವುದಿಲ್ಲ. ಇಷ್ಟು ಜನಕ್ಕೆ ದಿನವೂ ಬೇರೆ ಬೇರೆ ಅಡುಗೆ ಮಾಡಲು ಯಾರಿಗೂ ಆಗುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ನಾನು ಒಂದೇ ಅಡುಗೆ ಮಾಡುತ್ತೇನೆ. ಆದರೆ ಅದನ್ನು ಪಾತ್ರೆಯಲ್ಲಿ ಪೂರ್ತಿ ಮುಗಿಸುವುದಿಲ್ಲ, ತಟ್ಟೆಯಲ್ಲಿ ಮುಗಿಸುತ್ತೇನೆ.

ಅಂದರೆ ಏನು? ಬೇಯುವುದು, ಹದಕ್ಕೆ ಬರುವುದು, ಗಟ್ಟಿಯಾಗುವುದು ಎಲ್ಲ ಒಲೆಯ ಮೇಲೆ ಆಗಲಿ. ಖಾರ, ಹುಳಿ, ಹೆಚ್ಚಿನ ಉಪ್ಪು, ಮೇಲೆ ಉದುರಿಸುವ ಸೊಪ್ಪು, ಇವು ಕೊನೆಗೆ ಬರಲಿ. ಒಮ್ಮೆ ಹಾಕಿದರೆ ತೆಗೆಯಲಾಗದ್ದು ಯಾವುದೋ ಅದನ್ನು ಆದಷ್ಟು ತಡವಾಗಿ ಹಾಕುವುದು. ನನ್ನ ಅಡುಗೆಯ ಕ್ರಮವೆಲ್ಲ ಇದರ ಮೇಲೆ ನಿಂತಿದೆ.

ಕಾಬೂಲಿ ಕಡಲೆಯ ಪಾತ್ರೆಯಿಂದ ಹೇಳಿದರೆ ಸುಲಭವಾಗಿ ಅರ್ಥವಾಗುತ್ತದೆ. ರಾತ್ರಿ ಕಡಲೆ ನೆನೆಸುತ್ತೇನೆ, ಎಂಟು ಗಂಟೆಯಾದರೂ ಬೇಕು. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕುಕ್ಕರಿಗೆ ಇಡುತ್ತೇನೆ. ಟೊಮೆಟೊ ಈಗಲೇ ಹಾಕುವುದಿಲ್ಲ. ಹುಳಿ ಸೇರಿದರೆ ಕಾಳು ಮೆತ್ತಗಾಗಲು ತುಂಬ ಹೊತ್ತು ಹಿಡಿಯುತ್ತದೆ. ಕಾಳು ಬೆರಳಲ್ಲಿ ಒತ್ತಿದರೆ ಹಿಸುಕುವಷ್ಟು ಬೆಂದ ಮೇಲೆ ಅದರಲ್ಲಿ ಮೂರನೇ ಒಂದು ಪಾಲು ಸುಮ್ನೆ ತೆಗೆದು ಪಕ್ಕಕ್ಕಿಡುತ್ತೇನೆ. ಆ ಪಾಲಿನ ಕಥೆ ಆಮೇಲೆ ಹೇಳುತ್ತೇನೆ. ಇನ್ನೊಂದು ಬಾಣಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಹುರಿದು, ಟೊಮೆಟೊ ಹಾಕಿ, ಎಣ್ಣೆ ಅಂಚಿಗೆ ಬರುವ ತನಕ ಬಾಡಿಸುತ್ತೇನೆ. ಉಳಿದ ಕಡಲೆ ಅದಕ್ಕೆ ಹೋಗುತ್ತದೆ. ಒಂದು ಸೌಟು ಕಾಳನ್ನು ಅಲ್ಲೇ ಜಜ್ಜಿದರೆ ರಸ ತಾನಾಗಿ ಗಟ್ಟಿಯಾಗುತ್ತದೆ, ಬೇರೆ ಹಿಟ್ಟು ಬೇಡ.

ಈ ಹಂತದಲ್ಲಿ ಉರಿ ಸಣ್ಣಗೆ ಮಾಡಿ ನಿಲ್ಲುತ್ತೇನೆ. ಪಾತ್ರೆಯಲ್ಲಿ ಉಪ್ಪು ಸ್ವಲ್ಪವೇ ಇದೆ, ಖಾರ ಇಲ್ಲವೇ ಇಲ್ಲ. ಇಲ್ಲಿಂದ ದಾರಿ ಬೇರೆ. ಚಿಕ್ಕವಳ ಪಾಲನ್ನು ಹಿಸುಕಿ, ಅನ್ನಕ್ಕೆ ಕಲಸಿ, ಮೊಸರು ಹಾಕುತ್ತೇನೆ. ಅತ್ತೆಯ ಪಾಲಿಗೆ ಉಪ್ಪಿನ ಬದಲು ನಿಂಬೆ ರಸ ಮತ್ತು ಹೆಚ್ಚಿದ ಸೊಪ್ಪು. ಹುಳಿ ಇದ್ದರೆ ಉಪ್ಪು ಕಡಿಮೆಯಾದದ್ದು ನಾಲಗೆಗೆ ಅಷ್ಟು ಗೊತ್ತಾಗುವುದಿಲ್ಲ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಎಲ್ಲ ಸೇರಿ ಒಂದು ಟೀ ಚಮಚಕ್ಕೂ ಕಡಿಮೆ. ನಿಂಬೆಯಿಂದ ಇನ್ನೊಂದು ಲಾಭವಿದೆ. ಅದರಲ್ಲಿರುವ ಸಿ ವಿಟಮಿನ್, ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲು ಸಹಾಯ ಮಾಡುತ್ತದೆ. ಪಾತ್ರೆಯಲ್ಲಿ ಉಳಿದದ್ದಕ್ಕೆ ಮೆಣಸಿನ ಪುಡಿ, ಉಪ್ಪು ಬೀಳುತ್ತದೆ, ಅದು ನಮ್ಮಿಬ್ಬರದು. ದೊಡ್ಡವನಿಗೆ ಅನ್ನ ಒಂದು ಕಡೆ, ಕಾಳು ಒಂದು ಕಡೆ, ಸೌತೆಕಾಯಿ ಇನ್ನೊಂದು ಕಡೆ. ಅಷ್ಟೇ ತಾನೇ ಅವನು ಕೇಳುವುದು? ಅದಕ್ಕಾಗಿ ಜಗಳ ಮಾಡುವುದರಲ್ಲಿ ಅರ್ಥವಿಲ್ಲ.

ಇದೇ ಪಾತ್ರೆ ಮರುದಿನ ಪಾಸ್ತಾಕ್ಕೆ ಸಾಸ್ ಆಗುತ್ತದೆ. ನೀರು ಸೇರಿಸಿದರೆ ಸೂಪ್. ಬತ್ತಿಸಿ ಬ್ರೆಡ್ ನಡುವೆ ಇಟ್ಟರೆ ಡಬ್ಬಿ ಊಟ. ಕಡಲೆ ಇಲ್ಲದಿದ್ದರೆ ಹೆಸರುಕಾಳು, ಅಲಸಂದೆ, ಮೊಟ್ಟೆ, ಏನಿದೆಯೋ ಅದು ನಡೆಯುತ್ತದೆ. ರಾಜ್ಮಾ ವಿಷಯದಲ್ಲಿ ಮಾತ್ರ ಎಚ್ಚರ. ಹಸಿ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ವಿಷಾಂಶ ಇರುತ್ತದೆ. ನೆನೆಸಿದ ನೀರು ಚೆಲ್ಲಿ, ಕನಿಷ್ಠ 10 ನಿಮಿಷ ಕೊತಕೊತ ಕುದಿಸಲೇಬೇಕು, ಆಮೇಲೆ ಮೆತ್ತಗಾಗುವ ತನಕ ಬೇಯಿಸಬೇಕು. ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಆ ವಿಷ ಹೋಗುವುದಿಲ್ಲ.

ಅನ್ನದ ಬಗ್ಗೆಯೂ ನಾನು ಕಟ್ಟುನಿಟ್ಟು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಬೆಂದರೂ ಉಳಿಯಬಲ್ಲವು. ಅನ್ನ ಹೊರಗೆ ಬಹಳ ಹೊತ್ತು ಇದ್ದರೆ ಅವು ಬೆಳೆದು ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುತ್ತದೆ ಅನ್ನುವ ಭರವಸೆ ಇಲ್ಲ. ಹಾಗಾಗಿ ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಇಡುತ್ತೇನೆ, ಮರುದಿನವೇ ಮುಗಿಸುತ್ತೇನೆ.

ಈಗ ಪಕ್ಕಕ್ಕಿಟ್ಟ ಕಡಲೆ. ಅದು ಸಂಜೆಯ ತಿಂಡಿ. ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಒಣಗಿಸಬೇಕು. ಒದ್ದೆ ಇದ್ದರೆ ಅದು ಹುರಿಯುವುದಿಲ್ಲ, ಹಬೆಯಲ್ಲಿ ಬೇಯುತ್ತದೆ. ಒಂದು ಚಮಚ ಎಣ್ಣೆ ಸವರಿ, 200 ಡಿಗ್ರಿ ಓವನ್‌ನಲ್ಲಿ 30 ರಿಂದ 40 ನಿಮಿಷ ಇಟ್ಟು, ನಡುವೆ ಒಮ್ಮೆ ಅಲುಗಿಸಿದರೆ ಗರಿಗರಿ. ಓವನ್ ಇಲ್ಲದವರು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ತಾಳ್ಮೆಯಿಂದ ಹುರಿಯಬಹುದು. ಬಿಸಿ ಪೂರ್ತಿ ಆರುವ ಮೊದಲು ಡಬ್ಬಿಗೆ ಹಾಕಿದರೆ ಮೆತ್ತಗಾಗುತ್ತದೆ. ಚಿಕ್ಕವಳಿಗೆ ಇನ್ನೂ ಮೂರು ವರ್ಷ, ಅವಳಿಗೆ ಇದು ಕೊಡುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಇಂಥ ಗಟ್ಟಿ ಕಾಳು, ಇಡೀ ಬಾದಾಮಿ, ಪಾಪ್‌ಕಾರ್ನ್ ಗಂಟಲಿಗೆ ಸಿಕ್ಕುವ ಅಪಾಯವಿದೆ. ದ್ರಾಕ್ಷಿಯನ್ನೂ ಉದ್ದಕ್ಕೆ ನಾಲ್ಕಾಗಿ ಸೀಳಿ ಕೊಡುತ್ತೇನೆ. ಅವಳಿಗೆ ಮೆತ್ತಗಿನ ಕಡಲೆಯನ್ನು ಮೊಸರು, ಸ್ವಲ್ಪ ಬೆಳ್ಳುಳ್ಳಿ, ನಿಂಬೆ ಜೊತೆ ರುಬ್ಬಿ ಕೊಟ್ಟರೆ ಬ್ರೆಡ್ ತುಂಡು ಅದ್ದಿಕೊಂಡು ತಿನ್ನುತ್ತಾಳೆ.

ಮಕ್ಕಳಿಬ್ಬರಿಗೂ ಕುಣಿಯುವಷ್ಟು ಖುಷಿ ಕೊಡುವುದು ಬಾಳೆಹಣ್ಣಿನ ಐಸ್‌ಕ್ರೀಮ್. ಸಿಪ್ಪೆಯ ಮೇಲೆ ಕಪ್ಪು ಚುಕ್ಕಿ ಬಂದ ಹಣ್ಣೇ ಬೇಕು. ಅಷ್ಟು ಹೊತ್ತಿಗೆ ಅದರ ಪಿಷ್ಟ ಸಕ್ಕರೆಯಾಗಿರುತ್ತದೆ, ಬೇರೆ ಸಕ್ಕರೆ ಬೇಡ. ಸಿಪ್ಪೆ ಸುಲಿದು, ಬಿಲ್ಲೆಗಳಾಗಿ ಹೆಚ್ಚಿ, ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು ಮಿಕ್ಸಿಗೆ ಹಾಕಿದರೆ ಮೊದಲು ಪುಡಿಪುಡಿಯಾಗುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ. ಬದಿ ಕೆರೆದು ಮತ್ತೆ ಮತ್ತೆ ತಿರುಗಿಸಿದರೆ ಬೆಣ್ಣೆಯ ಹಾಗೆ ನುಣ್ಣಗಾಗುತ್ತದೆ. ಕಡಲೆಕಾಯಿ ಬೆಣ್ಣೆ, ಕೋಕೋ ಪುಡಿ ಸೇರಿಸುವುದು ಅವರವರ ಇಷ್ಟ. ಮಕ್ಕಳ ಸ್ನೇಹಿತರು ಬಂದಾಗ ಮಾತ್ರ ಕಡಲೆಕಾಯಿ ಅಲರ್ಜಿ ಇದೆಯೇ ಎಂದು ಮೊದಲು ಕೇಳುತ್ತೇನೆ.

ತಿಂಡಿಗೂ ರಾತ್ರಿ ಊಟಕ್ಕೂ ನಡುವೆ ಎರಡು ಗಂಟೆ ಬಿಡುತ್ತೇನೆ. ಅದಿಲ್ಲದಿದ್ದರೆ ಊಟದ ಹೊತ್ತಿಗೆ ಹಸಿವೇ ಇರುವುದಿಲ್ಲ, ಆಮೇಲೆ ಮಗು ತಿನ್ನುತ್ತಿಲ್ಲ ಎಂದು ಕೊರಗುವುದು.

ತಿನ್ನಿಸುವ ವಿಷಯದಲ್ಲಿ ನನಗೆ ತುಂಬ ಸಹಾಯವಾದದ್ದು ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಅವರ ವಿಚಾರ. ಏನು, ಯಾವಾಗ, ಎಲ್ಲಿ ಎನ್ನುವುದನ್ನು ದೊಡ್ಡವರು ತೀರ್ಮಾನಿಸಬೇಕು. ತಿನ್ನಬೇಕೇ, ಎಷ್ಟು ತಿನ್ನಬೇಕು ಎನ್ನುವುದು ಮಗುವಿಗೆ ಬಿಟ್ಟದ್ದು. ನಾನು ಪ್ರತಿ ಊಟದಲ್ಲೂ ಅವರು ತಿಂದೇ ತಿನ್ನುವ ಒಂದು ಪದಾರ್ಥ ಇಟ್ಟಿರುತ್ತೇನೆ. ಅದರ ಪಕ್ಕದಲ್ಲಿ ಹೊಸ ತರಕಾರಿ, ಬರೀ ಒಂದು ತುಂಡು. ಮುಟ್ಟದಿದ್ದರೂ ಒತ್ತಾಯ ಮಾಡುವುದಿಲ್ಲ, ಮುಂದಿನ ವಾರ ಮತ್ತೆ ಇಡುತ್ತೇನೆ. ಹೊಸ ರುಚಿ ಒಪ್ಪಲು ಕೆಲವು ಮಕ್ಕಳಿಗೆ ಹತ್ತಕ್ಕೂ ಹೆಚ್ಚು ಸಲ ಬೇಕಾಗುತ್ತದೆ. ಎರಡು ಸಲ ಬೇಡವೆಂದದ್ದನ್ನು 'ಇವನಿಗೆ ಇಷ್ಟವಿಲ್ಲ' ಎಂದು ಬರೆದುಬಿಡುವುದು ಅನ್ಯಾಯ ಅಲ್ವಾ? ತರಕಾರಿಯನ್ನು ಗುಟ್ಟಾಗಿ ರುಬ್ಬಿ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ. ಸಾಸ್ ರುಬ್ಬುತ್ತೇನೆ, ಆದರೆ ಅದರಲ್ಲಿ ಕ್ಯಾರೆಟ್ ಇದೆ ಎಂದು ಹೇಳಿಯೇ ಬಡಿಸುತ್ತೇನೆ. ಕ್ಯಾರೆಟ್ ಯಾವುದೆಂದು ಗೊತ್ತಿದ್ದರೆ ತಾನೇ ಅದರ ಪರಿಚಯ ಆಗುವುದು.

ಶುರು ಮಾಡುವವರು ವಾರಕ್ಕೆ ಒಂದು ಪಾತ್ರೆ ಸಾಕು ಎಂದುಕೊಳ್ಳಿ. ಕಾಳು ಎರಡು ಪಾಲು ಬೇಯಿಸಿ. ಒಂದು ಪಾಲನ್ನು ಉಪ್ಪು, ಖಾರ ಹಾಕದೆ ಚಿಕ್ಕ ಡಬ್ಬಿಗಳಲ್ಲಿ ತಾರೀಖು ಬರೆದು ಫ್ರೀಜರ್‌ಗೆ ಇಡಿ. ಕೆಲಸದಿಂದ ತಡವಾಗಿ ಬಂದ ದಿನ ಒಂದು ಡಬ್ಬಿ ತೆಗೆದರೆ ಅರ್ಧ ಅಡುಗೆ ಆದಂತೆ, ಇನ್ನು ಈರುಳ್ಳಿ ಹೆಚ್ಚಿದರಾಯಿತು.