ಗಲ್ಫಿಗೆ ಹೊರಡುವ ಮೊದಲು ಜೇಬು, ಸಂಚಿ ಕೊಡವಿ ನೋಡಿ

ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆಯಿಂದ ಮಕ್ಕಳ ಮನೆಗೆಂದು ದುಬೈ, ದೋಹಾಕ್ಕೆ ಹೋಗಿಬರುವ ಹಿರಿಯರು ಬಹಳ. ಬೀಡಿ, ಸಿಗರೇಟು, ಹೊಗೆಸೊಪ್ಪಿನ ಅಭ್ಯಾಸ ಇರುವವರಿಗೆ ಅಲ್ಲಿ ಸೇದುವುದಕ್ಕಿಂತ ಮೊದಲೇ, ಜೇಬಿನಲ್ಲಿ ಉಳಿದ ವಸ್ತುವಿನಿಂದಲೇ ತೊಂದರೆ ಶುರುವಾಗುತ್ತದೆ.

ಮೊದಲು ಎಲೆಯಡಿಕೆಯ ಸಂಚಿ. ತೋಟದ ಅಡಿಕೆ, ಮನೆಯ ವೀಳ್ಯದೆಲೆ, ಇದರಲ್ಲೇನು ತಪ್ಪು ಎನಿಸುವುದು ಸಹಜ. ಆದರೆ ದುಬೈ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿ ಪಾನಿನ ಸಾಮಗ್ರಿಯೂ ವೀಳ್ಯದೆಲೆಯೂ ಇವೆ. ಆದ್ದರಿಂದ ಸಂಚಿಯನ್ನು ಮನೆಯಲ್ಲೇ ಬಿಡಿ. ಅಂಗಿಯ ಜೇಬು, ಪಂಚೆಯ ಮಡಿಕೆ, ಹಳೆಯ ಬ್ಯಾಗಿನ ಮೂಲೆ ಎಲ್ಲವನ್ನೂ ಕೊಡವಿ. ಅಡಿಕೆಯ ಹೋಳು, ಹೊಗೆಸೊಪ್ಪಿನ ಚೂರು ಉಳಿಯುವುದು ಅಲ್ಲೇ. ನೆರೆಮನೆಯವರು "ಇದೊಂದು ಪೊಟ್ಟಣ ನಮ್ಮ ಹುಡುಗನಿಗೆ ಕೊಡಿ" ಎಂದರೆ ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ. ದಾಕ್ಷಿಣ್ಯಕ್ಕೆ ಒಪ್ಪಿದರೂ ಅಲ್ಲಿ ಉತ್ತರ ಹೇಳಬೇಕಾದವರು ನೀವೇ.

ಲೈಟರ್, ಬೆಂಕಿಪೆಟ್ಟಿಗೆಯನ್ನು ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಚೀಲಕ್ಕೂ ಬಿಡುವುದಿಲ್ಲ, ದೊಡ್ಡ ಪೆಟ್ಟಿಗೆಗೂ ಬಿಡುವುದಿಲ್ಲ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣಕ್ಕೆ ಹೊರಡುವ ಮೊದಲೇ ತೆಗೆದಿಡಿ.

ವಿಮಾನದ ಶೌಚಾಲಯದಲ್ಲಿ ಹೊಗೆ ಪತ್ತೆ ಹಚ್ಚುವ ಯಂತ್ರ ಇರುತ್ತದೆ. ಬಾಗಿಲಲ್ಲಿ ಸಣ್ಣ ಬೂದಿಡಬ್ಬಿ ಕಂಡು ಸೇದಬಹುದೆಂದು ಭಾವಿಸಬೇಡಿ. ನಿಯಮ ಮೀರಿ ಹಚ್ಚಿದವರು ತುಂಡನ್ನು ಕಾಗದ ತುಂಬಿದ ಕಸದ ಡಬ್ಬಿಗೆ ಹಾಕದಿರಲೆಂದು ಅದನ್ನು ಇಟ್ಟಿದ್ದಾರೆ. 1973ರಲ್ಲಿ ಪ್ಯಾರಿಸ್ ಹತ್ತಿರ ಶೌಚಾಲಯದಲ್ಲಿ ಹೊತ್ತಿದ ಬೆಂಕಿಯಿಂದ ಒಂದೇ ವಿಮಾನದ 123 ಮಂದಿ ಸತ್ತರು.

ನಮ್ಮ ಕಾಸರಗೋಡು ಕಡೆ, ಅಂದರೆ ಕೇರಳದಲ್ಲಿ, ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ ಗರಿಷ್ಠ 200 ರೂಪಾಯಿ. ದುಬೈ ಮೆಟ್ರೋದಲ್ಲಿ ಅದು 200 ದಿರ್ಹಮ್. ಓಡುವ ಕಾರಿನ ಕಿಟಕಿಯಿಂದ ತುಂಡು ಎಸೆದರೆ 1000 ದಿರ್ಹಮ್ ದಂಡ, ಜೊತೆಗೆ ಚಾಲಕನ ಲೈಸೆನ್ಸಿಗೆ 6 ಕಪ್ಪುಚುಕ್ಕೆ, ಅಂದರೆ ತಪ್ಪಿಗೆ ಲೆಕ್ಕ ಹಾಕುವ ಅಂಕ. ಸೇದಿದವರು ಅಪ್ಪ, ಪೆಟ್ಟು ಬೀಳುವುದು ಮಗನ ಲೈಸೆನ್ಸಿಗೆ. 12 ವರ್ಷದೊಳಗಿನ ಮೊಮ್ಮಗು ಕಾರಿನಲ್ಲಿದ್ದರೆ ಸೇದುವುದೇ ಅಪರಾಧ. ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ನಾಲ್ಕು ಜನರ ಎದುರು ಸಿಗರೇಟು ತೆಗೆಯಲೇಬೇಡಿ. ಉಪವಾಸ ಇರುವವರ ಮುಂದೆ ಅದು ದೊಡ್ಡ ಅವಮರ್ಯಾದೆ.

ಫ್ಲಾಟಿನ ಬಾಲ್ಕನಿ ನಮ್ಮ ಜಗಲಿಯಂತಲ್ಲ. ಹೊಗೆ ನೇರ ಮೇಲಿನ ಮನೆಯ ಕಿಟಕಿಗೆ ಹೋಗುತ್ತದೆ. ತುಂಡನ್ನು ಕೆಳಗೆ ಎಸೆಯುವುದಂತೂ ಇನ್ನೂ ಅಪಾಯ: 2012ರಲ್ಲಿ ದುಬೈಯ ತಮ್ವೀಲ್ ಟವರ್ ಹೊತ್ತಿ ಉರಿದದ್ದು ಕಸದ ರಾಶಿಗೆ ಬಿದ್ದ ಸಿಗರೇಟಿನ ತುಂಡಿನಿಂದ. ಕೆಳಗಿಳಿದು, ಬೂದಿಡಬ್ಬಿ ಇಟ್ಟಿರುವ ಜಾಗ ಯಾವುದೆಂದು ಕಾವಲುಗಾರರಲ್ಲಿ ಕೇಳಿ, ಅಲ್ಲೇ ಸೇದಿ. ತುಂಡಿಗೆ ನೀರು ತಾಗಿಸಿಯೇ ಹಾಕಿ.

ವಾಪಸು ಬರುವಾಗ ಸುಂಕವಿಲ್ಲದೆ ತರಬಹುದಾದದ್ದು 100 ಸಿಗರೇಟು, ಅಂದರೆ 20ರ ಐದು ಪ್ಯಾಕ್. ಹತ್ತು ಪ್ಯಾಕಿನ ಕಟ್ಟು ಕೊಂಡರೆ ಅರ್ಧಕ್ಕೆ ಸುಂಕ ಬೀಳುತ್ತದೆ. ಇ-ಸಿಗರೇಟು ದುಬೈಯ ಅಂಗಡಿಯಲ್ಲಿ ರಾಜಾರೋಷವಾಗಿ ಸಿಕ್ಕಿದರೂ ಭಾರತದಲ್ಲಿ 2019ರಿಂದ ನಿಷಿದ್ಧ. ಕತಾರ್, ಸಿಂಗಾಪುರದಲ್ಲೂ ಹಾಗೆಯೇ. ಉಡುಗೊರೆಗೆಂದೂ ತರಬೇಡಿ.