ಡಬ್ಬಿ ಬಂದ್ರೆ ಆನೆ

ನಾನು ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ನನ್ನದು. ಮೂರು ವರ್ಷದಿಂದ ಇನ್ನೊಂದು ಕೆಲಸವೂ ಅಂಟಿಕೊಂಡಿದೆ: ಆನೆ ಬಂದರೆ ಎಲ್ಲರಿಗೂ ಮೆಸೇಜ್ ಹಾಕುವುದು. ಬೆಳಗ್ಗೆ ಆಳುಗಳು ಲೈನ್ ಮನೆಯಿಂದ ಹೊರಡುವ ಮೊದಲೇ ಅದು ಮುಟ್ಟಬೇಕು.

ಪಟ್ಟಿಯಲ್ಲಿ 46 ಜನ. ಓನರ್ ಮನೆಯವರದು ಐಫೋನ್, ಹುಡುಗರದು ಆಂಡ್ರಾಯ್ಡ್, ಮೇಸ್ತ್ರಿಗಳದು ಕೀಪ್ಯಾಡ್. ವಾಟ್ಸಾಪ್ ಬ್ರಾಡ್‌ಕಾಸ್ಟ್ ಮೊದಲು ನೋಡಿದೆ. ನನ್ನ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಹೋಗುವುದು. ಕೀಪ್ಯಾಡ್‌ನವರಿಗೆ ಅದೂ ಇಲ್ಲ. ಜೊತೆಗೆ ನಮ್ಮ ಕಡೆ ಮಳೆ ಹಿಡಿದರೆ ನೆಟ್ ಹೋಗಿಬಿಡುತ್ತೆ. ಒಂದು ಕಡ್ಡಿ ಸಿಗ್ನಲ್ ಇದ್ದರೂ ಎಸ್ಸೆಮ್ಮೆಸ್ ತೆವಳಿಕೊಂಡಾದರೂ ಬರುತ್ತೆ. ಸರಿ, ಅದೇ ಇರಲಿ ಅಂದೆ.

ಆಫೀಸ್ ಕಂಪ್ಯೂಟರ್‌ನಲ್ಲಿ ಗೂಗಲ್ ಮೆಸೇಜಸ್ ತೆರೆದು, ಫೋನಿಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದೆ. ಕೀಬೋರ್ಡ್‌ನಲ್ಲಿ ಟೈಪ್ ಮಾಡಿದರೂ ಮೆಸೇಜ್ ಹೋಗುವುದು ನನ್ನ ಸಿಮ್ಮಿನಿಂದಲೇ. 46 ಜನರನ್ನು ನಾಲ್ಕು ಗುಂಪು ಮಾಡಿಕೊಂಡೆ. ಫೋನಿನ ಸೆಟ್ಟಿಂಗ್‌ನಲ್ಲಿ ಗ್ರೂಪ್ ಮೆಸೇಜ್ ಎಂಎಂಎಸ್ ಆಗಿ ಹೋಗಬೇಕಾ, ಒಬ್ಬೊಬ್ಬರಿಗೂ ಬೇರೆ ಬೇರೆ ಎಸ್ಸೆಮ್ಮೆಸ್ ಆಗಿಯಾ ಅಂತ ಕೇಳುತ್ತೆ. ಎರಡನೆಯದನ್ನೇ ಆರಿಸಿ. ಎಂಎಂಎಸ್‌ಗೆ ಡೇಟಾ ಬೇಕು, ದುಡ್ಡೂ ಬೇರೆ. ನೆಟ್ ಮೇಲೆ ಮೆಸೇಜ್ ಕಳಿಸುವ ಆರ್‌ಸಿಎಸ್ ಕೂಡ ಆಫ್ ಮಾಡಿದೆ. ಆ ಕಡೆಯವರಿಗೆ ನೆಟ್ ಇಲ್ಲದಿದ್ದರೆ ಅದು ನಡುವೆಯೇ ನೇತಾಡುತ್ತೆ.

ಮೊದಲ ದಿನವೇ ಎಡವಟ್ಟಾಯ್ತು. ಆನೆ ಎಲ್ಲಿ ನೋಡಿದ್ದು, ಯಾರು ನೋಡಿದ್ದು, ಮರಿ ಇದೆಯಾ, ಎಲ್ಲ ಬರೆದೆ. ಕೊನೆಯ ಗುಂಪಿನ 13 ಜನರಿಗೆ ಹೋಗಲೇ ಇಲ್ಲ. ಆ 13 ಜನ ಯಾರು? ಮೇಸ್ತ್ರಿಗಳು!

ಆಮೇಲೆ ಕೂತು ಲೆಕ್ಕ ಹಾಕಿದೆ. ಇಂಗ್ಲಿಷ್ ಆದರೆ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ, ಕನ್ನಡಕ್ಕೆ ಬರೀ 70. ಉದ್ದ ಆದರೆ ತುಂಡಾಗುತ್ತೆ, ಆಗ ಒಂದು ತುಂಡಿಗೆ 67. ಅದೂ ನಮ್ಮ ಕಣ್ಣಿನ ಲೆಕ್ಕ ಅಲ್ಲ. 'ಗದ್ದೆ' ನಮಗೆ ಎರಡಕ್ಷರ, ಫೋನಿಗೆ ಐದು: ಗ, ದ, ಒತ್ತಿನ ಗುರುತು, ಮತ್ತೆ ದ, ಎತ್ವ. ನನ್ನ ಮೆಸೇಜ್ ಮೂರು ತುಂಡಾಗಿತ್ತು. 46 ಜನಕ್ಕೆ 138. ನನ್ನ ಪ್ಯಾಕ್‌ನಲ್ಲಿ ದಿನಕ್ಕೆ 100 ಮಾತ್ರ, 33 ಜನಕ್ಕೇ ಖಾಲಿ.

ಈಗ ಹಾಕುವುದು ಇಷ್ಟೇ: 'ಆನೆ ಹಳ್ಳದ ಗದ್ದೆ ಹತ್ರ. 8 ಗಂಟೆವರೆಗೆ ಯಾರೂ ತೋಟಕ್ಕೆ ಹೋಗಬೇಡಿ.' ಚುಕ್ಕಿ, ಜಾಗ ಎಲ್ಲ ಸೇರಿ 55. ಆನೆ ದಾಟಿದ ಮೇಲೆ ಇನ್ನೊಂದು. ಎರಡೂ ಸೇರಿ 92, ಪ್ಯಾಕ್‌ನೊಳಗೇ ಮುಗಿಯುತ್ತೆ. ಮೇಸ್ತ್ರಿಗಳ ಗುಂಪು ಈಗ ಮೊದಲನೆಯದು.

ಎಲ್ಲ ಸರಿಹೋಯ್ತು ಅಂದುಕೊಂಡಿದ್ದೆ. ಒಂದು ವಾರ ಹಬ್ಬ ಅಂತ ಬಟವಾಡೆ ಒಂದು ದಿನ ಮುಂಚೆ ಇಟ್ಟು ಮೆಸೇಜ್ ಹಾಕಿದೆ. ಒಬ್ಬ ಮೇಸ್ತ್ರಿ ಬರಲೇ ಇಲ್ಲ. ಫೋನ್ ಮಾಡಿದೆ.

"ರೈಟ್ರೇ, ಡಬ್ಬಿ ಡಬ್ಬಿ ಬಂದಿತ್ತಲ್ವಾ, ಆನೆ ಐತೆ ಅಂತ ಮನೇಲೇ ಕೂತೆ."

ಅವರ ಹಳೇ ಫೋನಿಗೆ ಕನ್ನಡವೇ ಬರುವುದಿಲ್ಲ, ಅಕ್ಷರದ ಜಾಗದಲ್ಲಿ ಖಾಲಿ ಡಬ್ಬಿ ತೋರಿಸುತ್ತೆ. ಅಷ್ಟು ದಿನ ನನ್ನ ನಂಬರ್‌ನಿಂದ ಡಬ್ಬಿ ಬಂದರೆ ಆನೆ ಅಂತ ಅವರೇ ತೀರ್ಮಾನ ಮಾಡಿಕೊಂಡಿದ್ದರು! ವಿಚಾರಿಸಿದರೆ ಅಂಥ ಫೋನ್ ಇನ್ನೂ ನಾಲ್ಕು ಸಿಕ್ಕವು. ಆ ಐವರಿಗೆ ಈಗ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸುತ್ತೇನೆ. ಈ ಮೇಸ್ತ್ರಿಗೆ ಮಗಳು ಓದಿ ಹೇಳುತ್ತಾಳೆ. ಅವಳು ಏಳುವುದು ಏಳು ಗಂಟೆಗೆ. ಹಾಗಾಗಿ ಆನೆ ಬಂದ ದಿನ ಮೆಸೇಜ್ ಜೊತೆ ಎರಡು ಮಿಸ್ ಕಾಲ್.