ಉಂಗುರದ ವಜ್ರ: ಮೊದಲು ಆಕಾರ, ಆಮೇಲೆ ಕ್ಯಾರೆಟ್

ನಿಶ್ಚಿತಾರ್ಥದ ವಜ್ರದುಂಗುರಕ್ಕೆಂದು ಮೈಸೂರಿನ ಅಶೋಕ ರಸ್ತೆಗೆ ಹೊರಟವರಿಗೆ ನನ್ನದೊಂದು ಮಾತು: ಕ್ಯಾರೆಟ್, ಅಂದರೆ ವಜ್ರದ ತೂಕ, ವಿಚಾರಿಸುವ ಮೊದಲು ಆಕಾರ ನಿರ್ಧರಿಸಿ.

ಹೊಳಪೇ ಮುಖ್ಯವಾದರೆ ದುಂಡು ವಜ್ರಕ್ಕೆ ಸಾಟಿಯಿಲ್ಲ. ಅದರ 57 ಅಥವಾ 58 ಮುಖಗಳನ್ನು ಬೆಳಕು ಮರಳಿ ಚಿಮ್ಮಲೆಂದೇ ಲೆಕ್ಕ ಹಾಕಿ ಕತ್ತರಿಸಿರುತ್ತಾರೆ. ಕಚ್ಚಾ ಕಲ್ಲು ಹೆಚ್ಚು ವ್ಯರ್ಥವಾಗುವುದರಿಂದ ಬೆಲೆಯೂ ಹೆಚ್ಚು.

ನನ್ನ ಒಲವು ಅಂಡಾಕಾರದ ಕಡೆಗೆ. ಅದೇ ತೂಕದಲ್ಲಿ ತುಸು ದೊಡ್ಡದಾಗಿ ಕಾಣುತ್ತದೆ, ಬೆರಳೂ ನೀಳವೆನಿಸುತ್ತದೆ. ಆದರೆ ಅಂಗಡಿಯ ದೀಪದಡಿ ಯಾವ ಕಲ್ಲಾದರೂ ಮಿನುಗುತ್ತದೆ. ಬಾಗಿಲ ಬಳಿ ತಂದು ಹಗಲು ಬೆಳಕಿನಲ್ಲಿ ಮೆಲ್ಲಗೆ ಓಲಾಡಿಸಿ. ನಡುವೆ ಚಿಟ್ಟೆಯ ರೆಕ್ಕೆಯಂತಹ ಕಪ್ಪು ನೆರಳು ಕದಲದೆ ನಿಂತರೆ ಆ ಕಲ್ಲು ಬೇಡ.

ಚೌಕದ ಪ್ರಿನ್ಸೆಸ್ ಕಟ್ ಆರಿಸಿದರೆ ನಾಲ್ಕೂ ಮೂಲೆಗಳನ್ನು ಲೋಹದ ಹಿಡಿಕೆ ಮುಚ್ಚಿರಲಿ. ಚೂಪು ಮೂಲೆಗೆ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ. ಆಯತಾಕಾರದ ಎಮರಾಲ್ಡ್ ಕಟ್‌ನಲ್ಲಿ ಒಳಗಿನ ದೋಷ ಬೇಗ ಕಣ್ಣಿಗೆ ಬೀಳುತ್ತದೆ, ಶುದ್ಧತೆಯಲ್ಲಿ ರಾಜಿ ಬೇಡ.

ಇನ್ನೊಂದು ವಿಷಯ. ನನ್ನ ತಂಗಿಯ ಉಂಗುರದ ಎತ್ತರದ ಹಿಡಿಕೆ ಆರತಿಯ ಹೊತ್ತಿನಲ್ಲೇ ಮೈಸೂರು ರೇಷ್ಮೆ ಸೀರೆಯ ಎಳೆಯನ್ನು ಕಿತ್ತಿತು. ಸೆರಗಿನ ಆ ಗೆರೆ ಇಂದಿಗೂ ಹೋಗಿಲ್ಲ. ಉಂಗುರ ತೊಟ್ಟು, ದುಪಟ್ಟಾದ ಮೇಲೆ ಒಮ್ಮೆ ಕೈಯಾಡಿಸಿ, ಆಮೇಲೆ ಹಣ ಕೊಡಿ.